ನೀರು ಹರಿಯಬೇಕು

ಆವತ್ತು ನಾನು ನೀರು ತಂದದ್ದು ಚೊಂಬಿನಲ್ಲಲ್ಲ, ಲೋಟದಲ್ಲೇ ಇರಬೇಕು. ಏಕೆಂದರೆ ನನ್ನ ಬೆರಳುಗಳಿಗೆ ನೆನಪಿರುವುದು ತೆಳುವಾದ, ತಣ್ಣನೆಯ ಒಂದು ಅಂಚು, ನಮ್ಮ ಚೊಂಬಿಗೆ ಅಂಥ ಅಂಚಿರಲಿಲ್ಲ. ಆದರೆ ಮೂಗಿಗೆ ನೆನಪಿರುವುದು ಹುಣಸೆಹಣ್ಣು ಹಾಕಿ ಉಜ್ಜಿದ ಹಿತ್ತಾಳೆಯ ವಾಸನೆ. ಆಗಿನ ನಮ್ಮ ಮನೆಯಲ್ಲಿ ಹಿತ್ತಾಳೆ ಅಂತ ಇದ್ದದ್ದು ಚೊಂಬು ಒಂದೇ. ಬೆರಳು ಒಂದು ಹೇಳುತ್ತದೆ, ಮೂಗು ಇನ್ನೊಂದು ಹೇಳುತ್ತದೆ, ಎರಡನ್ನೂ ನಂಬುವ ಹಾಗಿಲ್ಲ. ಕಳೆದ ಭಾನುವಾರ ಶಿವಮೊಗ್ಗದಲ್ಲಿ ನನ್ನ ಮೊಮ್ಮಗಳಿಗೆ ಜ್ಞಾನಸ್ನಾನವಾಗುವಾಗ ಈ ವಾಸನೆ ಮತ್ತೆ ಬಂತು. ಅದು ಚರ್ಚಿನ ಹಿತ್ತಾಳೆ ಪಾತ್ರೆಯಿಂದ ಬಂತೋ, ನನ್ನ ತಲೆಯೊಳಗಿಂದ ಬಂತೋ ತಿಳಿಯದು. ಫಾದರ್ ನೆತ್ತಿಯ ಮೇಲೆ ನೀರು ಸುರಿದರು, ಮಗು ಕಿಟಾರನೆ ಕಿರುಚಿಕೊಂಡಿತು, ಸುತ್ತ ನಿಂತವರೆಲ್ಲ ನಕ್ಕರು. ಪಕ್ಕದಲ್ಲಿ ಕೂತಿದ್ದ ನನ್ನ ಅಮ್ಮ ಮಾತ್ರ ನಗಲಿಲ್ಲ. ನನ್ನ ಮಣಿಕಟ್ಟು ಹಿಡಿದುಕೊಂಡು ಕಿವಿಯಲ್ಲಿ ಕೇಳಿದಳು: "ಲಿಲ್ಲಿ, ಅವನೂ ಹಿಂಗೇ ಅತ್ತನಾ?"

ಅವನು ಎಂದರೆ ನನ್ನ ತಮ್ಮ. ಮೂರು ದಿನ ಬದುಕಿದ್ದವನು. ಆಗ ನನಗೆ ಒಂಬತ್ತು ವರ್ಷ. ಅವನ ತಲೆಗೆ ನೀರು ಹಾಕುವಾಗ ಅಲ್ಲಿ ಎಚ್ಚರದಲ್ಲಿದ್ದವರು ಇಬ್ಬರೇ, ಅಜ್ಜಿ ಮತ್ತು ನಾನು. ಅಜ್ಜಿ ಹೋಗಿ ಬಹಳ ಕಾಲವಾಯಿತು. ಈ ಪ್ರಶ್ನೆಯನ್ನು ಅಮ್ಮ ಕೇಳಬಹುದಾದವಳು ಇನ್ನು ನಾನೊಬ್ಬಳೇ.

ಭದ್ರಾವತಿಯಲ್ಲಿ ಆಗ ನಾವಿದ್ದ ಕಾರ್ಖಾನೆಯ ಕ್ವಾರ್ಟರ್ಸಿನ ಸಾಲು ಈಗ ಮನೆಗಳ ಸಾಲಾಗಿ ಉಳಿದಿಲ್ಲ. ಹೋದ ವರ್ಷ ನೋಡಲು ಹೋಗಿದ್ದೆ. ಹೆಂಚು ಹೋಗಿದೆ, ಕಿಟಕಿಯ ಚೌಕಟ್ಟುಗಳನ್ನು ಯಾರೋ ಕಿತ್ತುಕೊಂಡು ಹೋಗಿದ್ದಾರೆ, ನಮ್ಮ ಅಡುಗೆಮನೆ ಇದ್ದ ಜಾಗದಲ್ಲಿ ಎದೆಯೆತ್ತರಕ್ಕೆ ಗಿಡ ಬೆಳೆದಿದೆ. ಎರಡೇ ಕೋಣೆ, ಹಿಂದೆ ಒಂದು ಪಡಸಾಲೆ, ಅದರಾಚೆ ಆರು ಮನೆಗಳಿಗೆ ಸೇರಿ ಒಂದು ನಲ್ಲಿ. ಅಪ್ಪ ಕಾರ್ಖಾನೆಯ ಫೌಂಡ್ರಿಯಲ್ಲಿ ಕಬ್ಬಿಣದ ಎರಕ ಹೊಯ್ಯಲು ಮರಳಿನ ಅಚ್ಚು ಮಾಡುತ್ತಿದ್ದ. ನಮ್ಮ ದಿನ ಓಡುತ್ತಿದ್ದದ್ದು ಗಡಿಯಾರದಿಂದಲ್ಲ, ಶಿಫ್ಟಿನ ಸೈರನ್ನಿನಿಂದ. ಅದು ಕೂಗುವಾಗ ಗೋಡೆಯ ಮೇಲಿನ ಯೇಸುವಿನ ತಿರುಹೃದಯದ ಪಟ ಸಣ್ಣಗೆ ಅದುರುತ್ತಿತ್ತು, ಮಾತಾಡುತ್ತಿದ್ದವರು ಬಾಯಿ ತೆರೆದಲ್ಲೇ ನಿಲ್ಲಿಸಿ ಅದು ಮುಗಿದ ಮೇಲೆ ವಾಕ್ಯ ಮುಂದುವರಿಸುತ್ತಿದ್ದರು.

ಅಜ್ಜಿ ಆ ಸಾಲಿನ ಕ್ರೈಸ್ತ ಹುಡುಗಿಯರಿಗೆಲ್ಲ ಪಡಸಾಲೆಯಲ್ಲಿ ಧರ್ಮೋಪದೇಶದ ಪಾಠ ಹೇಳುತ್ತಿದ್ದಳು. ಓದಿದ್ದು ನಾಲ್ಕನೇ ಕ್ಲಾಸು, ಆದರೆ ಬೈಬಲಿನ ಆದಿಕಾಂಡ ಬಾಯಿಪಾಠವಾಗಿತ್ತು. ಅವಳ ಪಾಠಗಳಲ್ಲಿ ನನಗೆ ಅತಿ ಇಷ್ಟವಾದದ್ದು ತೆಂಗಿನಕಾಯಿಯ ಪಾಠ. ಹುಟ್ಟಿದ ಮಗುವಿಗೆ ಪ್ರಾಣ ಹೋಗುವ ಹಾಗಿದ್ದರೆ ಫಾದರನ್ನು ಕಾಯಬೇಕಿಲ್ಲ, ಹತ್ತಿರ ಇದ್ದವರು ಯಾರೇ ಆಗಲಿ ಜ್ಞಾನಸ್ನಾನ ಕೊಡಬಹುದು. ಅದನ್ನು ಪ್ರತಿ ಹೆಣ್ಣುಮಗಳೂ ಕಲಿತಿರಬೇಕು ಎಂಬುದು ಅವಳ ಹಟ. ಸುಲಿದ ಕಾಯಿಯನ್ನು ಮಡಿಲಲ್ಲಿ ಮಲಗಿಸಿಕೊಂಡು, ಕಣ್ಣಿರುವ ಕಡೆಯನ್ನು ಮುಖ ಅಂತ ಮಾಡಿ, ಹಿಂಬದಿಯ ಮೇಲೆ ನಮ್ಮಿಂದ ಮೂರು ಸಲ ನೀರು ಸುರಿಸುತ್ತಿದ್ದಳು. "ಬರೀ ಒದ್ದೆ ಕೈಯಲ್ಲಿ ಸವರಿದ್ರೆ ಆಗಲ್ಲ. ನೀರು ಹರೀಬೇಕು. ಹರೀತಾ ಇರುವಾಗ್ಲೇ ಮಾತು ಹೇಳ್ಬೇಕು." ಪಿತ, ಸುತ, ಪವಿತ್ರಾತ್ಮ ಎಂಬ ಮಾತುಗಳನ್ನು ಮಾತ್ರ ಕಾಯಿಯ ಮೇಲೆ ಪೂರ್ತಿ ಹೇಳಲು ಬಿಡುತ್ತಿರಲಿಲ್ಲ. ಪಿತ ಅನ್ನುವಷ್ಟರಲ್ಲಿ ನಮ್ಮ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು, ಆ ಮಾತು ಆಟಕ್ಕಲ್ಲ ಎಂದು. ಒಂದು ಸಲ ಪಕ್ಕದ ಮನೆಯ ಸೆಲ್ವಿ ಅಕ್ಕ ಕೊಡ ಹಿಡಿದುಕೊಂಡು ಹೋಗುತ್ತಾ ಇಣುಕಿ, "ಏನಜ್ಜಿ, ಕಾಯಿನೂ ನಿಮ್ಮ ಜಾತಿಗೆ ಸೇರಿಸ್ಕೊಂಡ್ರಾ? ಸಾಯಂಕಾಲ ಚಟ್ನಿ ಮಾಡುವಾಗ ಪಾಪ ಬರಲ್ವಾ?" ಎಂದಳು. "ನಿನ್ನ ತಲೆ ಇಲ್ಲಿ ಕೊಡು ಮಾರಾಯ್ತಿ, ಕಾಯಿಗಿಂತ ಗಟ್ಟಿ ಇದೆ, ಹುಡುಗೀರು ಚೆನ್ನಾಗಿ ಕಲೀತಾರೆ" ಎಂದಳು ಅಜ್ಜಿ.

ನಾನು ಪ್ರಶ್ನೆ ಕೇಳುವ ಹುಡುಗಿಯಾಗಿದ್ದೆ ಎಂದು ಅಮ್ಮ ಹೇಳುತ್ತಾಳೆ, ಇರಬಹುದು. ದೇವರು ಮೊದಲ ದಿನ ಬೆಳಕು ಮಾಡಿದ, ಎರಡನೇ ದಿನ ಆಕಾಶ, ಮೂರನೇ ದಿನ ನೆಲ. ಹಾಗಾದರೆ ನೀರು ಮಾಡಿದ್ದು ಯಾವತ್ತು? ನೀರಾಗಲಿ ಎಂದು ದೇವರು ಹೇಳಿದ್ದು ಆದಿಕಾಂಡದ ಮೊದಲ ಪುಟದಲ್ಲಿ ಎಲ್ಲೂ ಇಲ್ಲ. ಬೆಳಕಿಗೂ ಮುಂಚೆ, ಕತ್ತಲೆಯಲ್ಲಿ ಅದು ಆಗಲೇ ಇದೆ. ನಾನು ಇದನ್ನು ಕೇಳಿದಾಗ ಅಜ್ಜಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಪುಟವನ್ನು ಮತ್ತೆ ಓದಿ, "ಹೌದಲ್ಲೇ" ಎಂದಳು. ಆಮೇಲೆ ಎಷ್ಟೋ ದಿನ ಅದನ್ನೇ ಯೋಚಿಸುತ್ತಿದ್ದಳು. ಕತ್ತಲ ನೀರಿನ ಮೇಲೆ ದೇವರ ಆತ್ಮ ಇತ್ತಲ್ಲ, ಅದು ಕೋಳಿ ಮೊಟ್ಟೆಯ ಮೇಲೆ ಕಾವು ಕೂತ ಹಾಗೆ ಎಂದು ಒಂದು ದಿನ ಹೇಳಿದಳು. ಯೇಸು ಯೊರ್ದಾನ್ ಹೊಳೆಯಲ್ಲಿ ಮುಳುಗಿ ಎದ್ದಾಗ ಪಾರಿವಾಳದ ಹಾಗೆ ಇಳಿದು ಬಂದದ್ದೂ ಅದೇ ಆತ್ಮ. ಪಾಪವೇ ಇಲ್ಲದ ಅವನು ನೀರಿಗೆ ಇಳಿದದ್ದು ತನ್ನನ್ನು ತೊಳೆದುಕೊಳ್ಳಲು ಅಲ್ಲ, ನೀರನ್ನೇ ಮತ್ತೆ ಮೊದಲಿನ ಹಾಗೆ ಮಾಡಲು. ಜ್ಞಾನಸ್ನಾನ ಅಂದರೆ ದೇವರು ಒಬ್ಬೊಬ್ಬರಿಗೂ ಸೃಷ್ಟಿಯ ಮೊದಲ ದಿನವನ್ನು ಇನ್ನೊಂದು ಸಲ ಮಾಡುವುದು. ಹಳೆಯದು ನೀರಲ್ಲಿ ಸತ್ತು ಹೊಸದು ಏಳುವುದು. ಊಟಕ್ಕೆ ಕೂತಿದ್ದ ಅಪ್ಪ ಅಲ್ಲಿಂದಲೇ, "ಆದಾಮನ್ನ ಮಣ್ಣಲ್ಲಿ ಮಾಡುವಾಗ್ಲೂ ನೀರು ಬೇಕಲ್ಲಮ್ಮ. ಒಣ ಮರಳಲ್ಲಿ ಅಚ್ಚು ನಿಲ್ಲಲ್ಲ" ಎಂದ. ಅದಕ್ಕೂ ಅಜ್ಜಿ ಪುಟ ಹುಡುಕಿದಳು. ಆದಾಮನಿಗಿಂತ ಮೊದಲು ನೆಲದಿಂದ ನೀರು ಎದ್ದು ಮಣ್ಣು ನೆನೆದ ಮಾತು ಎರಡನೇ ಅಧ್ಯಾಯದಲ್ಲಿ ಸಿಕ್ಕಿದಾಗ ಮಗನಿಗೆ ಇನ್ನೊಂದು ಮುದ್ದೆ ಹಾಕಿದಳು.

ಇದೆಲ್ಲ ಇಷ್ಟು ಅಚ್ಚುಕಟ್ಟಾಗಿ ನೆನಪಿಗೆ ಬರುವುದೇ ನನಗೆ ಅನುಮಾನ. ಅಜ್ಜಿ ಹೇಳಿದ್ದೆಷ್ಟು, ಆಮೇಲೆ ನಾನು ಓದಿ ಅವಳ ಬಾಯಿಗೆ ಹಾಕಿದ್ದೆಷ್ಟು? ಮುದ್ದೆ ಖಂಡಿತ.

ಆ ದಿನದ ಬಗ್ಗೆ ಖಂಡಿತವಾದದ್ದು ಇನ್ನೂ ಕಡಿಮೆ. ಆಸ್ಪತ್ರೆಯಿಂದ ಅಮ್ಮ ಮಗುವಿನೊಂದಿಗೆ ಬೆಳಿಗ್ಗೆ ಬಂದಿದ್ದಳು, ಜ್ವರ ಬಂದು ಒಳಕೋಣೆಯಲ್ಲಿ ಮೈಮರೆತು ಮಲಗಿದ್ದಳು. ಅಪ್ಪ ಎರಡನೇ ಶಿಫ್ಟಿಗೆ ಹೋಗಿಯಾಗಿತ್ತು. ಅಜ್ಜಿ ಮಗುವಿನ ತುಟಿ ನೀಲಿಗಟ್ಟಿದ್ದನ್ನು ನೋಡಿದಳು, ಅವನನ್ನು ಎತ್ತಿಕೊಂಡು ಪಡಸಾಲೆಗೆ ಬಂದಳು. ಸೆಲ್ವಿ ಅಕ್ಕ ಆಟೋ ತರಲು ಓಡಿದಳು. "ಲಿಲ್ಲಿ, ನೀರು" ಎಂದಳು ಅಜ್ಜಿ. ನಾನು ತಂದೆ, ಲೋಟದಲ್ಲೋ ಚೊಂಬಿನಲ್ಲೋ. ಅಜ್ಜಿ ಕೂತು ಅವನನ್ನು ಮಡಿಲಲ್ಲಿ ಮಲಗಿಸಿಕೊಂಡದ್ದು ಥೇಟ್ ಕಾಯಿಯನ್ನು ಮಲಗಿಸಿಕೊಂಡ ಹಾಗೆ. ನೀರು ಎತ್ತಿದಳು. ಅಷ್ಟರಲ್ಲಿ ಎರಡು ಗಂಟೆಯ ಸೈರನ್ ಆಯಿತು.

ಅಜ್ಜಿಯ ತುಟಿ ಅಲ್ಲಾಡಿತು, ಮಾತು ಕೇಳಿಸಲಿಲ್ಲ. ಜೋಸೆಫ್ ಎಂದು ಹೆಸರಿಟ್ಟೆ ಎಂದು ಆಮೇಲೆ ಹೇಳಿದಳು. ಮಗುವಿನ ಬಾಯಿ ತೆರೆದಿತ್ತು. ನೀರು ಬಿದ್ದ ಮೇಲೆ ತೆರೆಯಿತೋ, ಮೊದಲೇ ತೆರೆದಿತ್ತೋ? ಸೈರನ್ ನಿಂತಾಗ ಪಡಸಾಲೆಯಲ್ಲಿ ಯಾವ ಸದ್ದೂ ಇರಲಿಲ್ಲ.

ಸಾಯಂಕಾಲ ಚರ್ಚಿನ ಉಪದೇಶಿ ಬಂದರು. ಫಾದರ್ ಊರಲ್ಲಿಲ್ಲದಾಗ ಮಣ್ಣು ಮಾಡುವ ಕೆಲಸವೆಲ್ಲ ಅವರದೇ. ಒಳ್ಳೆಯ ಮನುಷ್ಯ, ಕೇಳಲೇಬೇಕಾದ್ದನ್ನು ಕೇಳಲು ಸಂಕೋಚಪಡುತ್ತಿದ್ದರು. ಜ್ಞಾನಸ್ನಾನ ಇರುವುದು ಬದುಕಿರುವವರಿಗೆ, ಸತ್ತವರಿಗಲ್ಲ. ಅದು ಆಗದೆ ಹೋದ ಮಕ್ಕಳನ್ನು ಆಗೆಲ್ಲ ನಮ್ಮ ಕಡೆ ಸಮಾಧಿಸ್ಥಳದ ಬೇಲಿಯ ಆಚೆ, ಆಶೀರ್ವದಿಸದ ನೆಲದಲ್ಲಿ ಇಡುತ್ತಿದ್ದರು. "ಅಮ್ಮಾ, ನೀರು ಹಾಕುವಾಗ ಉಸಿರಿತ್ತಾ?"

"ಇತ್ತು" ಎಂದಳು ಅಜ್ಜಿ.

"ನೀರಿಂದಲೂ ಆತ್ಮದಿಂದಲೂ ಹುಟ್ಟದೆ ಇದ್ರೆ ದೇವರ ರಾಜ್ಯ ಸೇರೋಕಾಗಲ್ಲ ಅಂತ ಯೇಸುಸ್ವಾಮಿನೇ ಹೇಳಿದಾರಲ್ಲ, ಅದಕ್ಕೆ ಕೇಳಿದೆ."

"ಅವರ ಪಕ್ಕದ ಶಿಲುಬೆ ಮೇಲಿದ್ದ ಕಳ್ಳನಿಗೆ ಯಾರಪ್ಪಾ ನೀರು ಹಾಕಿದ್ರು? ಅವನನ್ನ ಆವತ್ತೇ ಪರಲೋಕಕ್ಕೆ ಕರ್ಕೊಂಡು ಹೋದ್ರಲ್ಲ." ಇಷ್ಟು ಹೇಳಿ ಅವಳೇ ಗಾಬರಿಯಾದಳು, ಆ ಮಾತಿನಿಂದ ಮಗು ಬೇಲಿಯ ಆಚೆ ಹೋದೀತು ಎನ್ನುವ ಹಾಗೆ. ತಿರುಗಿ ನನ್ನನ್ನು ತೋರಿಸಿದಳು. "ಇವಳಿದ್ಲು. ಕೇಳಿ."

ಉಪದೇಶಿ ನನ್ನ ಎತ್ತರಕ್ಕೆ ಬಗ್ಗಿದರು. "ಅತ್ತನಾ ಮಗಾ, ತಮ್ಮ?"

ನಾನು ಹೌದೆಂದು ತಲೆಯಾಡಿಸಿದೆ. ಅವನನ್ನು ಬೇಲಿಯ ಒಳಗೆ ಇಟ್ಟರು. ಜೋಸೆಫ್ ಎಂದು ಬರೆದ ಪುಟ್ಟ ಶಿಲುಬೆ ಬಹಳ ವರ್ಷ ಅಲ್ಲಿತ್ತು. ಅಮ್ಮ ಅದರ ಮೇಲೆ ಬದುಕು ಕಟ್ಟಿಕೊಂಡಳು, ಅಂದರೆ ನನ್ನ ತಲೆಯಾಟದ ಮೇಲೆ. ನವೆಂಬರಿನಲ್ಲಿ ಸತ್ತವರ ಹಬ್ಬಕ್ಕೆ ಮೇಣದಬತ್ತಿ ಹಚ್ಚುವಾಗೆಲ್ಲ, "ಅತ್ತನಲ್ಲ, ಲಿಲ್ಲಿ ನೋಡಿದಾಳೆ" ಎಂದು ಯಾರಿಗಾದರೂ ಹೇಳುತ್ತಿದ್ದಳು. ಅದು ಪ್ರಶ್ನೆಯಾದದ್ದು ಕಳೆದ ಭಾನುವಾರ, ಮೊದಲ ಸಲ.

ಈಗ ಬೇಲಿಯ ಮಾತು ಯಾರೂ ಆಡುವುದಿಲ್ಲ. ಅಂಥ ಮಕ್ಕಳನ್ನು ದೇವರ ಕರುಣೆಗೆ ಬಿಡುತ್ತೇವೆ ಎಂದು ಫಾದರೇ ಅಮ್ಮನಿಗೆ ಹೇಳಿದ್ದಾರೆ. ಅಮ್ಮನಿಗೆ ಅದು ಉತ್ತರವಲ್ಲ. ಆ ಭಾನುವಾರ ಚರ್ಚಿನಿಂದ ಹಿಂತಿರುಗುವಾಗ ಆಟೋದಲ್ಲಿ, ತುಂಗಾ ಸೇತುವೆಯ ಮೇಲೆ, ನಾನೇ ಹೇಳಿದೆ: "ಅಮ್ಮ, ಸೈರನ್ ಆಗ್ತಾ ಇತ್ತು. ಅವನು ಅತ್ತಿದ್ದು ನಂಗೆ ಕೇಳಿಸ್ಲಿಲ್ಲ. ಅತ್ತನೋ ಇಲ್ವೋ ಗೊತ್ತಿಲ್ಲ."

ಅಮ್ಮ ಹೊಳೆಯ ಕಡೆ ನೋಡುತ್ತಿದ್ದಳು. ಸೇತುವೆ ಮುಗಿಯಿತು, ಸಿಗ್ನಲ್ ಬಂತು. "ನೀರು ಹರೀತಾ?" ಎಂದು ಕೇಳಿದಳು.

"ಹರೀತು. ಕಿವಿ ಪಕ್ಕದಿಂದ ಇಳಿದು ಅಜ್ಜಿ ಸೀರೆ ಎಲ್ಲ ಒದ್ದೆ ಆಯ್ತು."

"ಅಷ್ಟು ನೋಡಿದ್ಯಾ?"

"ಅಷ್ಟು ನೋಡಿದೆ."

ಮನೆಗೆ ಬಂದು ಅಮ್ಮ ಮಲಗಿದಳು. ನಾನು ಆದಿಕಾಂಡದ ಮೊದಲ ಪುಟ ತೆಗೆದೆ. ನೀರು ಯಾವ ದಿನ ಆಯಿತು ಎಂಬುದು ಈಗಲೂ ಅಲ್ಲಿಲ್ಲ. ಉಸಿರು ಇತ್ತೆಂದು ಅಜ್ಜಿ ನೋಡಿ ಹೇಳಿದಳೋ, ನೋಡದೆ ಹೇಳಿದಳೋ ನನಗೆ ಗೊತ್ತಿಲ್ಲ. ನೀರು ಮುಟ್ಟುವಾಗ ನನ್ನ ತಮ್ಮ ಬದುಕಿದ್ದನೇ ಎಂಬುದೂ ನನಗೆ ಗೊತ್ತಿಲ್ಲ.