ಜಗಳ ಕಲಿಯಲು ಬಂದವರು

ನಮ್ಮ ಹಾಸ್ಟೆಲಿನ ವಾರ್ಡನ್ನರು ಕರಾವಳಿಯವರು. ದೆಹಲಿಗೆ ಬಂದು ಅರ್ಧ ಆಯಸ್ಸು ಕಳೆದಿದ್ದರೂ, ಮೆಟ್ರೊದಲ್ಲಿ ಯಾರಾದರೂ ಫೋನಿನಲ್ಲಿ ಕನ್ನಡ ಮಾತಾಡಿದ್ದು ಕಿವಿಗೆ ಬಿದ್ದರೆ ತಾವು ಇಳಿಯಬೇಕಾದ ಸ್ಟೇಷನ್ನು ಮರೆತು ಅವರ ಜೊತೆ ಮುಂದಕ್ಕೆ ಹೋಗಿಬಿಡುವ ಆಸಾಮಿ. ಒಂದೇ ಭಾಷೆಯವರು ಪರಸ್ಪರ ಸಿಕ್ಕರೆ ಸಂತೋಷವಲ್ಲದೆ ಬೇರೇನೂ ಆಗಲು ಸಾಧ್ಯವಿಲ್ಲ ಎಂದು ಅವರು ನಂಬಿದ್ದರು. ಆ ನಂಬಿಕೆಯಿಂದಲೇ, ಆಫ್ರಿಕಾದ ಒಂದು ಸಣ್ಣ ದೇಶದಿಂದ ಬಂದ ಇಬ್ಬರನ್ನು ಒಂದೇ ಕೋಣೆಗೆ ಹಾಕಿದರು.

ನಾನು ಆ ಸಂಸ್ಥೆಯಲ್ಲಿ ಪಾಠ ಮಾಡುತ್ತಿದ್ದೆ. ಬೇರೆ ಬೇರೆ ದೇಶಗಳ ಊರ ಮುಖಂಡರನ್ನು ನಮ್ಮ ಸರ್ಕಾರ ತನ್ನ ಖರ್ಚಿನಲ್ಲಿ ಕರೆಸುತ್ತದೆ. ಅವರಿಗೆ ಪಂಚಾಯಿತಿ, ಚುನಾವಣೆ, ಕುಡಿಯುವ ನೀರಿನ ಯೋಜನೆ ಇವನ್ನೆಲ್ಲ ಹೇಳಿಕೊಡುವುದು ನಮ್ಮ ಕೆಲಸ. ಈ ಇಬ್ಬರೂ ಒಂದೇ ಕಣಿವೆಯ ಅಕ್ಕಪಕ್ಕದ ಹಳ್ಳಿಯವರು. ಅಂತರ್ಯುದ್ಧದಲ್ಲಿ ಆ ಹಳ್ಳಿಗಳು ಎದುರುಬದುರು ನಿಂತಿದ್ದವು. ಹಿರಿಯರು ಶಾಲೆಯ ಮೇಷ್ಟ್ರು. ಕಿರಿಯವನು ಆ ಮೇಷ್ಟ್ರ ಹಳ್ಳಿಯನ್ನೇ ಸುತ್ತುವರಿದಿದ್ದ ಪಡೆಯಲ್ಲಿ ಬಂದೂಕು ಹಿಡಿದಿದ್ದವನು. ಈಗ ನೀರಿನ ಪಂಪು ರಿಪೇರಿ ಮಾಡುತ್ತಿದ್ದ. ಎರಡೂ ಹಳ್ಳಿಗೆ ಸೇರಿ ಒಂದು ಟ್ಯಾಂಕು ಕಟ್ಟಲು ನೆರವು ಸಿಕ್ಕಿತ್ತು, ಆದರೆ ಷರತ್ತಿತ್ತು. ಇಬ್ಬರೂ ಕೂತು ಒಂದೇ ನೀರು ಸಮಿತಿಯ ಯೋಜನೆ ಬರೆದು, ಇಬ್ಬರೂ ಸಹಿ ಹಾಕಿ ತರಬೇಕು. ಇಲ್ಲದಿದ್ದರೆ ಟ್ಯಾಂಕಿಲ್ಲ. ಟ್ಯಾಂಕಿಲ್ಲದಿದ್ದರೆ ಬೇಸಿಗೆಯಲ್ಲಿ ಇರುವ ಒಂದೇ ಬಾವಿಯ ಹತ್ತಿರ ಮತ್ತೆ ಏನು ನಡೆಯುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ವಾರ್ಡನ್ನರ ಮೇಲೆ ನನಗೆ ಎಲ್ಲಿಲ್ಲದ ಕೋಪ ಬಂತು.

"ಫೈಲು ಓದಲಿಲ್ವೇನ್ರೀ ನೀವು?"

"ಓದಿದೆ ಮಾರಾಯ್ರೆ. ಭಾಷೆ ಒಂದೇ ಅಂತ ಇತ್ತು."

"ಯುದ್ಧ ಅಂತಲೂ ಇತ್ತು."

"ಅಚ್ಛಾ," ಎಂದು ಅವರು ತಲೆ ಕೆರೆದುಕೊಂಡರು. "ಅದು ಎರಡನೇ ಪುಟದಲ್ಲಿ ಇರಬೇಕು ಮೇಡಂ. ಈಗ ಬದಲಾಯಿಸುವ ಅಂದ್ರೆ ರೂಮು ಎಲ್ಲಿದೆ?"

ರೂಮು ನಿಜಕ್ಕೂ ಇರಲಿಲ್ಲ. ಒಬ್ಬರು ಒಳಗಿದ್ದರೆ ಇನ್ನೊಬ್ಬರು ಟೆರೇಸಿನಲ್ಲಿರುತ್ತಿದ್ದರು. ತರಗತಿಯಲ್ಲಿ ಆ ತುದಿಗೊಬ್ಬರು, ಈ ತುದಿಗೊಬ್ಬರು. ನಾನು ಒಮ್ಮತ, ಸೌಹಾರ್ದ, ಸಹಬಾಳ್ವೆ ಎಂದು ಬೋರ್ಡಿನ ಮೇಲೆ ಬಾಣ ಎಳೆದು ವೃತ್ತ ಬರೆದು ಗಂಟಲು ಹರಿದುಕೊಂಡೆ. ಇಬ್ಬರೂ ಮರ್ಯಾದೆಯಿಂದ ಬರೆದುಕೊಂಡು, ಬೇರೆ ಬೇರೆ ಯೋಜನೆ ತಂದು ಕೊಟ್ಟರು. ಮೂರನೇ ವಾರ ಮೇಷ್ಟ್ರು ನನ್ನ ಕೋಣೆಗೆ ಬಂದು, ಊರಿಗೆ ಹೊರಡುತ್ತೇನೆ ಎಂದರು. "ಅವನು ಕೆಮ್ಮಿದರೂ ನನಗೆ ಎಚ್ಚರವಾಗುತ್ತದೆ. ತಪ್ಪು ಅವನದಲ್ಲ." ಮಧ್ಯಾಹ್ನ ಕಿರಿಯವನೂ ಬಂದ. "ನಾನು ದೀಪ ಆರಿಸಿದರೆ ಅವರು ಎದ್ದು ಕೂರುತ್ತಾರೆ ಮೇಡಂ. ನಾನೇನು ಮಾಡಲಿ?" ಒಂದು ಹಳ್ಳಿ ನೋಡುವುದು ಬಾಕಿಯಿದೆ, ಅದು ಮುಗಿಯುವವರೆಗಾದರೂ ಇರಿ ಎಂದು ಮೇಷ್ಟ್ರನ್ನು ಬೇಡಿಕೊಂಡೆ.

ಗುರುಗ್ರಾಮ ದಾಟಿ ಹೋದರೆ ಸಿಗುವ ಹರಿಯಾಣದ ಹಳ್ಳಿ ಅದು. ಗ್ರಾಮಸಭೆಯ ದಿನವೇ ಗೊತ್ತುಮಾಡಿಕೊಂಡಿದ್ದೆ. ಅಲ್ಲಿನ ಪಂಚಾಯಿತಿ ಅಧ್ಯಕ್ಷರಿಗೆ ಮೊದಲೇ ಫೋನು ಮಾಡಿ, ವಿದೇಶದ ಅತಿಥಿಗಳು ಬರುತ್ತಾರೆ, ಸಭೆ ಸ್ವಲ್ಪ ಚೆಂದವಾಗಿ ನಡೆಯಲಿ ಎಂದು ಹೇಳಿದ್ದೆ. ಅವರೂ ಆಗಲಿ ಎಂದಿದ್ದರು. ಚೆಂದ ಐದು ನಿಮಿಷವೂ ಉಳಿಯಲಿಲ್ಲ. ನಲ್ಲಿಯ ಪೈಪು ಮೊದಲು ಯಾವ ಓಣಿಗೆ ಬರಬೇಕೆಂದು ಇಬ್ಬರು ಪೇಟದ ಮುದುಕರು ಎದ್ದು ನಿಂತರು. ಒಬ್ಬರ ಅಜ್ಜನ ಕಾಲದ ಹಗರಣವನ್ನು ಇನ್ನೊಬ್ಬರು ಎತ್ತಿದರು. ಒಬ್ಬರು ಕೋಲನ್ನು ನೆಲಕ್ಕೆ ಅಪ್ಪಳಿಸಿದರು. ಒಂದು ಪ್ಲಾಸ್ಟಿಕ್ ಕುರ್ಚಿ ಪಟಾರನೆ ಉರುಳಿತು. ನನಗೆ ನಾಚಿಕೆಯಿಂದ ಭೂಮಿಗಿಳಿದುಹೋದಂತಾಯಿತು. ಆ ಬೈಗುಳಗಳನ್ನು ಇಂಗ್ಲಿಷಿಗೆ ತಿರುಗಿಸುವಷ್ಟು ಸಂಬಳವನ್ನಂತೂ ನನಗೆ ಯಾರೂ ಕೊಡುತ್ತಿರಲಿಲ್ಲ. ಏನೋ ಸಮಾಧಾನ ಹೇಳೋಣವೆಂದು ತಿರುಗಿದರೆ ನನ್ನ ಅತಿಥಿಗಳಿಬ್ಬರೂ ಇಲ್ಲ.

ಹುಡುಕುತ್ತ ಹೊರಗೆ ಓಡಿದೆ. ಕಟ್ಟಡದ ಹಿಂದೆ, ಎಮ್ಮೆಗಳ ನೀರಿನ ತೊಟ್ಟಿಯ ಮರೆಯಲ್ಲಿ ಕೂತಿದ್ದರು. ಮೇಷ್ಟ್ರು ಕಿರಿಯವನ ತಲೆಯನ್ನು ಬಗ್ಗಿಸಿ ತಮ್ಮ ಎದೆಗೆ ಒತ್ತಿ ಹಿಡಿದು, ಸದ್ದು ಬರುತ್ತಿದ್ದ ಕಡೆಗೆ ತಮ್ಮ ಬೆನ್ನು ಒಡ್ಡಿದ್ದರು.

ನನ್ನನ್ನು ನೋಡಿ ನಿಧಾನವಾಗಿ ಕೈ ಬಿಟ್ಟರು. "ಶಾಲೆಯ ಅಭ್ಯಾಸ," ಎಂದರು. "ಸದ್ದಾದರೆ ಹತ್ತಿರ ಇದ್ದವರನ್ನು ಹೀಗೆ ಬಗ್ಗಿಸುತ್ತಿದ್ದೆ." ಆ ಶಾಲೆಯ ಕಡೆಗೆ ಗುಂಡು ಹಾರಿಸಿದವರು ಯಾರೆಂದು ಕಿರಿಯವನಿಗೆ ಗೊತ್ತಿತ್ತು. ಮೇಷ್ಟ್ರ ಅಂಗಿಗೆ ಮೆತ್ತಿದ್ದ ಕೆಸರನ್ನು ಕೈಯಿಂದ ಒರೆಸತೊಡಗಿದ, ಒರೆಸುತ್ತಲೇ ಇದ್ದ. ನನಗೆ ಅವರಿಬ್ಬರನ್ನೂ ಅಪ್ಪಿಕೊಳ್ಳಬೇಕೆನಿಸಿತು.

ನಾವು ಒಳಗೆ ಬರುವಷ್ಟರಲ್ಲಿ ಆ ಮುದುಕರಿಬ್ಬರೂ ಒಂದೇ ಮಂಚದ ಮೇಲೆ ಕೂತು ಒಂದೇ ಹುಕ್ಕಾ ಸೇದುತ್ತಿದ್ದರು. ಮೇಷ್ಟ್ರು ಬಹಳ ಹೊತ್ತು ಅದನ್ನೇ ನೋಡಿ ನನ್ನನ್ನು ಕೇಳಿದರು: "ಇಷ್ಟೆಲ್ಲ ಆದಮೇಲೆ ಇವರು ಮನೆಗೆ ಹೋಗಿ ಏನು ತರುತ್ತಾರೆ?" ಅವರ ಕಣಿವೆಯಲ್ಲಿ ತರುತ್ತಿದ್ದದ್ದು ಬಂದೂಕು. ನಾನು ಪ್ರಶ್ನೆಯನ್ನಷ್ಟೇ ಅಧ್ಯಕ್ಷರನ್ನು ಹಿಂದಿಯಲ್ಲಿ ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಏನು ತರ್ತಾರೆ? ಮುಂದಿನ ಸಭೆಗೆ ಇನ್ನಷ್ಟು ಜನರನ್ನ ತರ್ತಾರೆ."

ಅದನ್ನು ತಿರುಗಿಸಿ ಹೇಳಿದಾಗ ನನ್ನ ಅತಿಥಿಗಳಿಬ್ಬರೂ ಮುಖ ಮುಖ ನೋಡಿಕೊಂಡರು. ನಾನು ಇಷ್ಟು ವಾರ ಅವರಿಗೆ ಜಗಳವಾಡದೆ ಇರುವುದನ್ನು ಕಲಿಸುತ್ತಿದ್ದೆ, ಆದರೆ ಅವರಿಗೆ ಬೇಕಾಗಿದ್ದದ್ದು ಬೇರೆಯೇ ಪಾಠ.

ಆವತ್ತು ಸಂಜೆ ಜನಕಪುರಿಯ ನಮ್ಮ ಮನೆಯಲ್ಲಿ ಅಡುಗೆಗೆ ಇಡುತ್ತಿದ್ದಾಗ ವಾರ್ಡನ್ನರ ಫೋನು ಬಂತು. "ಮೇಡಂ, ರೂಮಿನಲ್ಲಿ ಜಗಳ ಶುರುವಾಗಿದೆ. ಜೋರು ಜೋರು."

"ಏನಂತ ಕೇಳಿಸ್ತಿದೆ?"

"ಅವರ ಭಾಷೆ ನನಗೆಲ್ಲಿ ಬರ್ತದೆ? ಟ್ಯಾಂಕು ಟ್ಯಾಂಕು ಅಂತ ಮಾತ್ರ ಗೊತ್ತಾಗ್ತದೆ."

"ಹಾಗಾದ್ರೆ ಬಾಗಿಲು ತಟ್ಟಬೇಡಿ. ಚಹಾ ಮಾಡಿ ಹೊರಗೆ ಇಟ್ಟುಬಿಡಿ."

ಯೋಜನೆ ಸಿದ್ಧವಾಯಿತು, ಸಹಿಯೂ ಬಿತ್ತು. ಟ್ಯಾಂಕು ಎದ್ದು ನಿಂತ ಮೇಲೆ ಸಮಿತಿಗೆ ಚುನಾವಣೆ ಎಂದು ಸುದ್ದಿ ಬಂತು. ಅಧ್ಯಕ್ಷ ಸ್ಥಾನಕ್ಕೆ ಈ ಇಬ್ಬರೇ ಎದುರಾಳಿಗಳು. ಫಲಿತಾಂಶದ ದಿನ ನನಗೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ. ಮಧ್ಯಾಹ್ನ ಮೇಷ್ಟ್ರೇ ಫೋನು ಮಾಡಿದರು.

"ಸೋತೆ."

"ನಿಮ್ಮ ಹಳ್ಳಿಯವರು ಏನು ಮಾಡುತ್ತಿದ್ದಾರೆ?"

"ತುಂಬ ಸಿಟ್ಟಾಗಿದ್ದಾರೆ. ಮನೆ ಮುಂದೆ ಜನ ಸೇರಿದ್ದಾರೆ."

"ಯಾರ ಮೇಲೆ ಸಿಟ್ಟು?"

"ನನ್ನ ಮೇಲೆ. ಸರಿಯಾಗಿ ಪ್ರಚಾರ ಮಾಡಲಿಲ್ಲವಂತೆ. ಬೆಳಿಗ್ಗೆಯಿಂದ ನನ್ನ ಹೆಂಡತಿಯೂ ಅದನ್ನೇ ಹೇಳುತ್ತಿದ್ದಾಳೆ."

ಫೋನಿಟ್ಟವಳೇ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಮಗಳು ಓಡಿ ಬಂದಳು.

"ಅಮ್ಮಾ, ಕ್ಯಾ ಹುವಾ? ಯಾರು ಹೋಗ್ಬಿಟ್ರು?"

"ಯಾರೂ ಹೋಗಿಲ್ಲ ಪುಟ್ಟಾ," ಎಂದೆ. "ಚುನಾವಣೆ ಮುಗೀತು. ಯಾರೂ ಹೋಗಿಲ್ಲ."