ಓಗೊಡದ ಬೆಳಗು

ನಾನು ಹುಟ್ಟಾ ಪುಕ್ಕಲಿ. ಇದನ್ನು ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ, ಆಗ ಇತ್ತು. ಮದುವೆಯಾಗಿ ಹೊಳೆಯಾಚೆಯ ಕನ್ನಡದ ಊರಿನಿಂದ ಮಲಯಾಳ ಸೀಮೆಯ ಚೇಕಾಡಿಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಆದರೂ ಗದ್ದೆಯ ಕೊನೆಯಲ್ಲಿ ಕಾಡು ಶುರುವಾಗುವ ಕಡೆ ನೋಡಿದರೆ ಕಾಲು ತಾನಾಗಿಯೇ ಮನೆಯತ್ತ ತಿರುಗುತ್ತಿತ್ತು. ಆ ವರ್ಷ ಆರೋಗ್ಯ ಕೇಂದ್ರದ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿಸಿ, ಹುಬ್ಬು ಗಂಟಿಕ್ಕಿದರು. ಬಿ.ಪಿ. ಜಾಸ್ತಿಯಿದೆ, ದಿನಾ ನಡೆಯಬೇಕು, ಮನಸ್ಸಿಗೆ ಏನನ್ನೂ ಹಚ್ಚಿಕೊಳ್ಳಬಾರದು ಎಂದರು. ಬಿ.ಪಿ. ಇದೆ ಎಂಬ ಭಯದಲ್ಲೇ ಅದು ಇನ್ನಷ್ಟು ಏರಿರಬೇಕು.

ಊರಿನ ವಾಚನಾಲಯದಲ್ಲಿ ಬದುಕು ಸುಧಾರಿಸಿಕೊಳ್ಳುವ ಪುಸ್ತಕಗಳಿಗೇ ಒಂದು ಕಪಾಟು. ಭಯ ಗೆಲ್ಲುವುದು ಹೇಗೆ, ನಿದ್ದೆ ಮಾಡುವುದು ಹೇಗೆ, ಸುಮ್ಮನಿರುವುದು ಹೇಗೆ. ಎಲ್ಲವೂ ಮಲಯಾಳದಲ್ಲಿ. ನನ್ನ ಓದು ಕನ್ನಡ ಶಾಲೆಯದು; ಮಲಯಾಳ ಕಲಿತದ್ದು ಇಲ್ಲಿಗೆ ಬಂದಮೇಲೆ, ಬಸ್ಸಿನ ಬೋರ್ಡು ನೋಡಿ ನೋಡಿ. ಅಕ್ಷರ ಕೂಡಿಸಿ ಓದುತ್ತಿದ್ದೆನಾದ್ದರಿಂದ ಒಂದು ಪುಟಕ್ಕೆ ಅರ್ಧ ಗಂಟೆ. ಅಷ್ಟು ಕಷ್ಟಪಟ್ಟು ಓದಿದ್ದನ್ನು ನಂಬದೇ ಇರುವುದಾದರೂ ಹೇಗೆ? ಎಲ್ಲವನ್ನೂ ನಂಬಿದೆ.

ಒಂದು ಪುಸ್ತಕ ಭಯಗಳ ಪಟ್ಟಿ ಬರೆಯಲು ಹೇಳಿತು. ಬರೆದೆ. ಆನೆ, ಹಾವು, ಮಿಂಚು, ಬಿ.ಪಿ. ನೋಡುವ ಯಂತ್ರ, ಹೊತ್ತಲ್ಲದ ಹೊತ್ತಿನಲ್ಲಿ ಬರುವ ಫೋನು. ಇಪ್ಪತ್ತೊಂದು ದಿನ ಬೆಳಿಗ್ಗೆ ಎದ್ದು, ಯಾರ ಜೊತೆಗೂ ಮಾತಾಡದೆ, ಒಬ್ಬರೇ ಅರ್ಧ ಗಂಟೆ ನಡೆಯಿರಿ, ಮೌನದಲ್ಲಿ ಭಯ ಕರಗುತ್ತದೆ ಎಂದಿತು. ಗಂಡನಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ಇದ್ನ ಬರ್ದೋರ ಮನೆ ಹಿಂದ್ಗಡೆ ಆನೆ ಇಲ್ಲ, ಅಷ್ಟೆ" ಎಂದು ದನದ ಕೊಟ್ಟಿಗೆಗೆ ಹೋದರು. ಇವರಿಗೇನು ಗೊತ್ತು ಎಂದುಕೊಂಡೆ.

ನಮ್ಮ ಕಡೆ ಗದ್ದೆಗೆ ಇಳಿಯುವವರು ಬಾಯಿ ಮುಚ್ಚಿಕೊಂಡು ಇಳಿಯುವುದಿಲ್ಲ. ಬಿದಿರಿನ ತಡಿಕೆ ಬಾಗಿಲ ಹತ್ತಿರ ಒಮ್ಮೆ, ನೀರಿನ ತೋಡು ದಾಟುವ ಮೋರಿಯ ಮೇಲೆ ಒಮ್ಮೆ, ಕಾಡಿನಂಚಿನ ಕೊನೆಯ ಬದುವಿನಲ್ಲಿ ಒಮ್ಮೆ "ಹೋಯ್" ಎಂದು ಕೂಗಬೇಕು. ಮನೆಯಲ್ಲಿದ್ದವರು ಅಂಗಳದಿಂದ ಓಗೊಡಬೇಕು. ಇದು ಆನೆಗೆ ನಾವು ಬರುತ್ತಿದ್ದೇವೆಂದು ಹೇಳುವುದೂ ಹೌದು, ಮನೆಯವರಿಗೆ ಇನ್ನೂ ಇದ್ದೇವೆಂದು ಹೇಳುವುದೂ ಹೌದು. ನಮ್ಮನೆಯಲ್ಲಿ ಓಗೊಡುವ ಕೆಲಸ ಅತ್ತೆಯದು. ಎಪ್ಪತ್ತು ದಾಟಿದ, ಎಡಮಂಡಿ ನೋವಿನ ಹೆಂಗಸು. ಗಂಟಲು ಮಾತ್ರ ಕಂಚು. ನನ್ನನ್ನು ಬೈಯುವುದು ಕನ್ನಡದಲ್ಲಿ, ಮುದ್ದಿಗೆ ಮಾತ್ರ ಮಲಯಾಳದವರಂತೆ 'ಮೋಳೇ', ಮಗಳೇ, ಎನ್ನುವರು. ಓದು ಬರಹ ಅವರಿಗೆ ಬಾರದು.

ಮೌನವ್ರತದ ಮೊದಲ ದಿನವೇ ಅವರಿಗೆ ರೇಗಿತು. "ಕೂಗ್ದೆ ಹೋದ್ಯಲ್ಲ, ನಾಲ್ಗೆಗೆ ಏನ್ ಬಂದದೆ?" ವಾಪಸು ಬಂದಮೇಲೆ ವಿವರಿಸಿದೆ. ಪುಸ್ತಕ ತೋರಿಸಿದೆ. ಅವರು ಅದರ ರಟ್ಟಿನ ಮೇಲಿದ್ದ ಸೂರ್ಯೋದಯದ ಚಿತ್ರವನ್ನು ಬೆರಳಿಂದ ಸವರಿ ಒಳಗೆ ಹೋದರು. ಮರುದಿನದಿಂದ ನಾನು ಕೂಗದಿದ್ದರೂ ಅವರೇ ಅಂಗಳದಲ್ಲಿ ನಿಂತು ಕೂಗುತ್ತಿದ್ದರು. ನಾನು ಓಗೊಡುತ್ತಿರಲಿಲ್ಲ. ಹತ್ತು ದಿನ ಏನೂ ಆಗಲಿಲ್ಲ, ಅದೇ ದೊಡ್ಡ ಕೇಡಾಯಿತು. ಪಟ್ಟಿಯಲ್ಲಿ 'ಆನೆ' ಎಂಬುದರ ಮೇಲೆ ಗೆರೆ ಎಳೆದುಬಿಟ್ಟೆ.

ಹನ್ನೊಂದನೆಯ ದಿನ ಮಂಜು ದಟ್ಟವಾಗಿತ್ತು. ಗಂಧಕಸಾಲ ಭತ್ತ ಕೊಯ್ಲಿಗೆ ಬಂದು ಗದ್ದೆಯಿಡೀ ಘಮಘಮ ಎನ್ನುತ್ತಿತ್ತು. ಆ ಪರಿಮಳದಲ್ಲಿ ಬೇರೆ ವಾಸನೆ ಮೂಗಿಗೆ ಹತ್ತಲಿಲ್ಲ. ಕೊನೆಯ ಬದುವಿನ ಹತ್ತಿರ ಬಂದು ತಿರುಗಿ ಮನೆಯ ಕಡೆ ನೋಡಿದಾಗ, ನಾನು ಆಗಷ್ಟೇ ದಾಟಿ ಬಂದ ಬದುವಿನ ಪಕ್ಕ ಮಂಜಿನೊಳಗೆ ಏನೋ ಅಲುಗಿತು. ಕಿವಿ. ಒಂಟಿ ಸಲಗ. ಅದರ ಪಕ್ಕದಲ್ಲೇ, ಒಂದು ಮಾರು ದೂರದಲ್ಲಿ, ಏನೂ ಕಾಣದೆ ನಡೆದು ಬಂದಿದ್ದೆ. ಸೊಂಡಿಲಲ್ಲಿ ಭತ್ತ ಸುತ್ತಿ, ಕಾಲಿಗೆ ಬಡಿದು ಮಣ್ಣು ಕೊಡವಿ, ಬಾಯಿಗೆ ಹಾಕಿಕೊಳ್ಳುತ್ತಿತ್ತು.

ಬಿದಿರು ಮೆಳೆಯ ಹಿಂದೆ ಕುಕ್ಕರಿಸಿದೆ. ಪುಸ್ತಕದ ಉಸಿರಾಟ ನೆನಪಾಯಿತು, ನಾಲ್ಕು ಎಣಿಸಿ ಒಳಗೆಳೆಯುವುದು, ನಾಲ್ಕು ಎಣಿಸಿ ಬಿಡುವುದು. ಎರಡರ ಮುಂದೆ ಏನು ಬರುತ್ತದೆಂದೇ ತೋಚಲಿಲ್ಲ.

ಆಗ ಅತ್ತೆಯ ದನಿ ಬಂತು. "ಹೋಯ್... ಮೋಳೇ..."

ಅಂಗಳದಿಂದಲ್ಲ. ತಡಿಕೆ ಬಾಗಿಲ ಹತ್ತಿರದಿಂದ. ಮಂಜು ನೋಡಿ ತಡೆಯಲಾರದೆ ಇಳಿದುಬಂದಿದ್ದರು. ಆನೆಯ ಕಿವಿ ಬೀಸುವುದು ನಿಂತಿತು.

ನಾನು ಮಾಡಬೇಕಾಗಿದ್ದದ್ದು ಇಷ್ಟೇ: "ನಿಲ್ಲಿ ಅತ್ತೆ, ಆನೆ!" ಎರಡು ಮಾತು. ಕೂಗಿದರೆ ಆನೆ ನನ್ನ ಕಡೆ ತಿರುಗುತ್ತಿತ್ತು. ಕೂಗದಿದ್ದರೆ ಅತ್ತೆ ನೇರ ಅದರ ಮುಂದಕ್ಕೇ ಬರುತ್ತಿದ್ದರು. ಇದು ನನಗೆ ಅರ್ಥವಾಗಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಚೆನ್ನಾಗಿ ಅರ್ಥವಾಗಿತ್ತು. "ಎಲ್ಲಿದ್ದೀಯೇ? ಮೋಳೇ!" ಈಗ ಮೋರಿಯ ಮೇಲಿನಿಂದ. ಕುಂಟುವ ಕಾಲಿನ ಚಪ್ಪಲಿಯ ಸದ್ದೂ ಕೇಳಿಸಿತು. ನಾನು ಸೆರಗನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡೆ.

ಅವರನ್ನು ಉಳಿಸಿದ್ದು ನಾನಲ್ಲ. ಪಕ್ಕದ ಗದ್ದೆಯ ಏರುಮಾಡದಲ್ಲಿ, ಅಂದರೆ ಮರದ ಮೇಲಿನ ಕಾವಲು ಗುಡಿಸಲಲ್ಲಿ, ಒಬ್ಬರು ಮುದುಕರಿದ್ದರು. ಅತ್ತೆಯ ಕೂಗಿಗೆ ಯಾರೂ ಓಗೊಡದೇ ಇದ್ದದ್ದು ಅವರಿಗೆ ಸರಿಬರಲಿಲ್ಲ. ಎದ್ದು ನೋಡಿ, ತಗಡಿನ ಡಬ್ಬ ಬಡಿಯತೊಡಗಿದರು. "ಆನೆ! ಅಲ್ಲೇ ನಿಲ್ಲಕ್ಕಾ! ಆನೆ!" ಸಲಗ ಒಮ್ಮೆ ಸುತ್ತಿ, ನನ್ನ ಮೆಳೆಯ ಪಕ್ಕದಿಂದ ನೆಲ ನಡುಗಿಸುತ್ತ ಹೋಗಿ, ಆನೆ ಬಾರದಿರಲೆಂದು ತೋಡಿ ಈಗ ಕುಸಿದಿದ್ದ ಕಂದಕ ಇಳಿದು ಕಾಡು ಸೇರಿತು.

ಅತ್ತೆ ಬಂದವರೇ ನನ್ನ ಕೈ, ತಲೆ, ಬೆನ್ನು ಮುಟ್ಟಿ ಮುಟ್ಟಿ ನೋಡಿದರು. ಅವರ ಬೆರಳು ತಣ್ಣಗಿದ್ದವು. "ನನ್ ಕೂಗು ಕೇಳಿಸ್ಲಿಲ್ವಾ?"

"ಇಲ್ಲ ಅತ್ತೆ" ಎಂದೆ.

ನಂಬಿದರು. ಮಂಜು ದನಿಯನ್ನೇ ನುಂಗಿಬಿಟ್ಟಿತೆಂದು ಊರಿಗೆಲ್ಲ ಹೇಳಿದರು. ನಾನು ಪುಸ್ತಕ ಹಿಂತಿರುಗಿಸಿ, ನಡಿಗೆ ಬಿಟ್ಟೆ. ಆದರೆ ಕೊಯ್ಲಿನ ಕಾಲ, ಗದ್ದೆಗೆ ಇಳಿಯದೇ ಇರುವಂತಿರಲಿಲ್ಲ. ನಾಲ್ಕನೆಯ ದಿನ ಮೊದಲಿನಂತೆ ಕೂಗುತ್ತ ಇಳಿದೆ. ಮೋರಿ ದಾಟಿ ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ ಅತ್ತೆ ಮೋರಿಯ ಮೇಲೆ, ಕೋಲೂರಿಕೊಂಡು ನಿಂತಿದ್ದಾರೆ. "ಅಂಗಳದಿಂದ ಕೂಗುದ್ರೆ ನಿಂಗ್ ಕೇಳಿಸಾಕಿಲ್ವಲ್ಲ, ಇಲ್ಲೀಗಂಟ ಬತ್ತೀನಿ" ಎಂದರು. ಮರುದಿನವೂ ಬಂದರು. ಅದರ ಮರುದಿನವೂ. ಸಲಗ ಇನ್ನೂ ಅಲ್ಲೇ ಸುತ್ತಮುತ್ತ ಇದೆಯೆಂದು ಕಾವಲಿನ ಮುದುಕರು ಹೇಳಿದ್ದರು. ನನ್ನ ಸುಳ್ಳನ್ನು ನಂಬಿ ಆ ಹೆಂಗಸು ದಿನಾ ಬೆಳಿಗ್ಗೆ ಕುಂಟುತ್ತ ಆನೆಯ ದಾರಿಗೆ ಇಳಿಯುತ್ತಿದ್ದರು.

ಆ ವಾರ ಮೆಳೆಯ ಹಿಂದೆ ಹೆದರಿದ್ದಕ್ಕಿಂತ ಹೆಚ್ಚು ಹೆದರಿದೆ. ಪಟ್ಟಿ ತೆಗೆದು, ಗೆರೆ ಹೊಡೆದಿದ್ದ ಆನೆಯ ಕೆಳಗೆ 'ಅತ್ತೆಗೆ ಗೊತ್ತಾಗುವುದು' ಎಂದು ಬರೆದೆ. ಬರೆದರೆ ಭಯ ಸಣ್ಣದಾಗುತ್ತದೆಂದು ಪುಸ್ತಕ ಹೇಳಿತ್ತು. ಆಗಲಿಲ್ಲ.

ಭತ್ತ ಹರವಿದ್ದ ಅಂಗಳದಲ್ಲಿ ಕೋಳಿ ಓಡಿಸುತ್ತ ಕೂತಿದ್ದಾಗ ಹೇಳಿದೆ. "ಅವತ್ತು ಕೇಳಿಸಿತ್ತು ಅತ್ತೆ. ಎರಡು ಸಲವೂ."

ಅವರು ನನ್ನ ಮುಖ ನೋಡಲಿಲ್ಲ. ಕೈಯಲ್ಲಿದ್ದ ಕೋಲಿನಿಂದ ಭತ್ತವನ್ನು ಕೆದಕಿದರು. ಮಂಡಿ ಹಿಡಿದು ಎದ್ದರು.

"ಹಂಗಾದ್ರೆ ನಾಳಿಂದ ಅಂಗಳದಲ್ಲೇ ನಿಂತ್ಕತ್ತೀನಿ."

ಮೋಳೇ ಎನ್ನಲಿಲ್ಲ.

ಮರುದಿನ ತಡಿಕೆ ಬಾಗಿಲ ಹತ್ತಿರ ಕೂಗಿದೆ, ಓಗೊಟ್ಟರು. ಮೋರಿಯ ಮೇಲೆ ನಿಂತು ಕೂಗಿದೆ. ಉತ್ತರವಿಲ್ಲ. ಮತ್ತೆ ಕೂಗಿದೆ. ಮಂಜಿನಲ್ಲಿ ಮನೆಯೂ ಕಾಣುತ್ತಿರಲಿಲ್ಲ. ಒಬ್ಬಳೇ ನಿಂತು, ಅವರು ಅವತ್ತು ಇದೇ ಜಾಗದಲ್ಲಿ ನಿಂತಿದ್ದರೆಂಬುದನ್ನು ನೆನೆದು ಬೆವರಿದೆ. ಗಂಟಲು ಹರಿಯುವಂತೆ ಮೂರನೆಯ ಸಲ ಕೂಗಿದ ಮೇಲೆ ಅಂಗಳದಿಂದ ದನಿ ಬಂತು.

"ಕೇಳಿಸ್ತು, ಹೋಗು."