ಬೀಗದವರ ಮೇಲೆ ಬಂದ ಮಾತು

ನಮ್ಮೆಜಮಾನರಿಗೆ ಸುಳ್ಳು ಹೇಳಲು ಬರುವುದಿಲ್ಲ. ಇದನ್ನು ಹೊಗಳಿಕೆ ಅಂತ ತಿಳಿಯಬೇಡಿ; ಅದರ ಕಷ್ಟ ಕಟ್ಟಿಕೊಂಡವಳಿಗೇ ಗೊತ್ತು. ದೊಡ್ಡ ವಸತಿ ಕಟ್ಟಡವೊಂದರ ಕಾಂಪೌಂಡಿಗೆ ಆತುಕೊಂಡ ತಗಡಿನ ಗೂಡಂಗಡಿಯಲ್ಲಿ ಕೂತು ಅವರು ಬೀಗದ ಕೈ ಮಾಡುತ್ತಾರೆ. ಬೀದಿಗೆಲ್ಲ ಅವರು ‘ಬೀಗದವರು’. ಪಕ್ಕದಲ್ಲೇ ಕೂತು ನಾನು ಕೊಡೆ, ಚೀಲದ ಜಿಪ್ಪು ರಿಪೇರಿ ಮಾಡುತ್ತೇನೆ. ಅವರು ಆಡದೆ ಬಿಟ್ಟ ಮಾತನ್ನೆಲ್ಲ ಆಡುವ ಕೆಲಸವೂ ನನ್ನದೇ.

ಅವರದೊಂದು ಪದ್ಧತಿ. ಅರದಲ್ಲಿ ಉಜ್ಜುವಾಗ ಕೈ ಕೂದಲೆಳೆಯಷ್ಟು ತಪ್ಪಿದರೂ ಆ ಬೀಗದ ಕೈ ಕೆಟ್ಟ ಹಾಗೆ. ಕೆಟ್ಟದ್ದನ್ನು ಗಿರಾಕಿಯ ಕಣ್ಣೆದುರೇ ಇಕ್ಕಳದಲ್ಲಿ ಹಿಡಿದು ಮುರಿದು, ತುಂಡುಗಳನ್ನು ಗುಜರಿ ಡಬ್ಬಿಗೆ ಎಸೆಯುತ್ತಾರೆ. ಹಾಗೆ ಮಾಡಿ ಎಂದು ಯಾರೂ ಹೇಳಿದ್ದಲ್ಲ. ಮೂರನೇ ಮಹಡಿಯ ಮೇಡಂ ಬಂದ ದಿನ ಮಾತ್ರ ಅದು ತಪ್ಪಿತು. ಆಕೆ “ಬೇಗ ಬೇಗ” ಅಂತ ತಲೆಯ ಮೇಲೆ ನಿಂತುಬಿಟ್ಟಿದ್ದರು. ಮೊದಲನೆಯದು ಕೆಟ್ಟಿತು. ಆ ಅವಸರದಲ್ಲಿ ಇವರು ಅದನ್ನು ಇಡಿಯಾಗಿಯೇ ಡಬ್ಬಿಗೆ ಹಾಕಿ ಇನ್ನೊಂದನ್ನು ಮಾಡಿಕೊಟ್ಟರು. ಡಬ್ಬಿಗೆ ಹಾಕಿದ್ದನ್ನು ಆಕೆ ನೋಡಿದರು.

ಮುಂದಿನ ತಿಂಗಳು ಮೇಡಂ ಮನೆಯಲ್ಲಿ ಚಿನ್ನದ ಬಳೆ ಕಾಣೆಯಾದವು. ಬಾಗಿಲು ಮುರಿದಿಲ್ಲ, ಬೀಗ ಒಡೆದಿಲ್ಲ. ಆಕೆ ತರಕಾರಿ ಗಾಡಿಯ ಹತ್ತಿರ ನಿಂತು, ಹತ್ತು ಜನರ ಎದುರು ಹೇಳಿದರು: “ನಮ್ಮನೆ ಕೀ ಒಂದನ್ನ ಆ ಬೀಗದವನು ಇಟ್ಕೊಂಡಿದ್ದ. ನಾನೇ ಕಣ್ಣಾರೆ ನೋಡಿದ್ದೀನಿ.”

ಅಷ್ಟೇ ಸಾಕಾಯಿತು. ಎದುರಿಗೆ ಬಂದು ಕಳ್ಳ ಎನ್ನುವ ಎದೆಗಾರಿಕೆ ಒಬ್ಬರಿಗಾದರೂ ಇತ್ತೇ? “ಪಾಪ, ನೋಡಿದ್ರೆ ಹಾಗೆ ಕಾಣಲ್ಲ” ಅಂದವರುಂಟು. “ನಮಗ್ಯಾಕೆ ಬಿಡಿ” ಅಂದವರುಂಟು. ಅದೂ ಹೆಸರಿಗೆ ಮಸಿ ಬಳಿಯುವ ಒಂದು ರೀತಿಯೇ, ಕೈಗೆ ಮಸಿ ಅಂಟುವುದಿಲ್ಲ ಅಷ್ಟೇ. ಗಿರಾಕಿಗಳು ನಮ್ಮನ್ನು ದಾಟಿಕೊಂಡು ಮುಂದಿನ ರಸ್ತೆಗೆ ಹೋಗತೊಡಗಿದರು. ಬೀಗದ ಕೈ ಮಾಡುವವನಿಗೆ ಇರುವ ಬಂಡವಾಳ ನಂಬಿಕೆಯೊಂದೇ. ಅದು ಹೋದರೆ ಅರ, ಇಕ್ಕಳ ಎಲ್ಲ ಕಬ್ಬಿಣದ ತುಂಡು.

ಒಂದು ಬೆಳಿಗ್ಗೆ ಕಟ್ಟಡದ ಸೆಕ್ರೆಟರಿ ಇಬ್ಬರನ್ನು ಕರೆದುಕೊಂಡು ಬಂದು ಅಂಗಡಿಗೆ ಅಡ್ಡ ನಿಂತ.

“ಕೀ ಇಟ್ಕೊಂಡಿದ್ದು ನಿಜಾನಾ?”

ಇಲ್ಲ ಅನ್ರೀ, ಇಲ್ಲ ಅನ್ನಿ ಅಂತ ಕಣ್ಣಲ್ಲೇ ಬೇಡಿಕೊಂಡೆ.

“ಹೌದು,” ಅಂದರು ಪುಣ್ಯಾತ್ಮರು. “ಕೆಟ್ಟಿತ್ತು, ಡಬ್ಬಿಗೆ ಹಾಕ್ದೆ. ಮುರೀಬೇಕಿತ್ತು, ಮುರೀಲಿಲ್ಲ. ಆ ಡಬ್ಬೀನೂ ಗುಜರಿಯವರಿಗೆ ಹೋಯ್ತು.”

ಸೆಕ್ರೆಟರಿ ಕೇಳಿಸಿಕೊಂಡದ್ದು ‘ಹೌದು’ ಅಷ್ಟನ್ನೇ. “ಒಪ್ಕೊಂಡ್ರಲ್ಲ, ಸಾಕು. ಇದು ತೀರ್ಮಾನ ಆಗೋವರೆಗೂ ನಮ್ಮ ಗೋಡೆಗೆ ಅಂಗಡಿ ಇಡಬೇಡಿ.”

ಅವರು ಹೋದ ಮೇಲೆ ನನಗೆ ಮೈಯೆಲ್ಲ ಉರಿಯಿತು. “ರೀ, ಇಲ್ಲ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

“ಹಾಕಿದ್ದು ನಿಜ ತಾನೆ?”

“ನಿಮ್ಮ ನಿಜಕ್ಕೆ ಬೆಂಕಿ ಬೀಳ!”

ಅವರು ಸಾಮಾನುಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ತುಂಬಿದರು. ನನಗೆ ಭಯವಾಯಿತು.

ಆಗ ನಮ್ಮ ಬೆನ್ನಿಗೆ ನಿಂತವನು ನನ್ನ ತಮ್ಮನೊಬ್ಬನೇ. ಕಾರ್ಖಾನೆಯಿಂದ ನೇರ ಬಂದವನು ತೋಳೇರಿಸಿಕೊಂಡು ಸೆಕ್ರೆಟರಿಯ ಎದುರೇ ಕೂಗಾಡಿದ. “ನಮ್ಮ ಭಾವನ ಮೇಲೆ ಕೆಸರು ಎರಚ್ತೀರಾ? ನಾಲಿಗೆ ಬಿಗಿ ಹಿಡಿದು ಮಾತಾಡಿ!” ನನಗೆ ಹೊಟ್ಟೆ ತಣ್ಣಗಾಯಿತು. ಒಡಹುಟ್ಟಿದವನು ಅಂದರೆ ಹೀಗಿರಬೇಕು ಅಂದುಕೊಂಡೆ.

ಅಂಗಡಿಯಿಲ್ಲದೆ ನಮ್ಮವರು ಮನೆಯಲ್ಲಿ ಗೋಡೆ ನೋಡುತ್ತ ಕೂತರು. ಪೊಲೀಸರು ಯಾವಾಗ ಬಾಗಿಲು ತಟ್ಟುತ್ತಾರೋ ಅಂತ ನಾನು ಮೆಟ್ಟಿಲ ಸದ್ದಿಗೆಲ್ಲ ಬೆಚ್ಚುತ್ತಿದ್ದೆ. ಬಂದವರು ಪೊಲೀಸರಲ್ಲ, ಮೇಡಂ. ಹೊಸಿಲ ಹೊರಗೇ ನಿಂತು ಪಿಸುಗುಟ್ಟಿದರು.

“ಬಳೆ ಸಿಕ್ತು. ನಮ್ಮತ್ತೆ ಹಳೇ ಸ್ವೆಟರಲ್ಲಿ ಸುತ್ತಿ ಅಟ್ಟದ ಮೇಲಿಟ್ಟು ಮರೆತುಬಿಟ್ಟಿದ್ರು. ಏನೂ ತಿಳ್ಕೋಬೇಡಿ.”

“ಹೋಗ್ಲಿ ಬಿಡಿ ಮೇಡಂ,” ಅಂದುಬಿಟ್ಟರು ಇವರು.

“ಏನು ಹೋಗ್ಲಿ ಬಿಡೋದು?” ನಾನು ಅಡ್ಡಬಂದೆ. “ಅಂದಿದ್ದು ಗಂಟಲು ಹರ್ಕೊಂಡು, ಈಗ ಪಿಸುಮಾತಾ? ನಡೀರಿ ತರಕಾರಿ ಗಾಡಿ ಹತ್ರ. ಅಲ್ಲೇ ಹೇಳಿ.”

ಆಕೆಯ ಮುಖ ಕೆಂಪಾಯಿತು. ಬರುವುದಿಲ್ಲವೇನೋ ಅಂದುಕೊಂಡೆ. ಆದರೆ ಬಂದರು. ಅದೇ ಗಾಡಿಯ ಪಕ್ಕ ನಿಂತು, ತಲೆ ತಗ್ಗಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: “ಬೀಗದವರದ್ದು ಏನೂ ತಪ್ಪಿಲ್ಲ. ನಾನೇ ದುಡುಕಿ ಮಾತಾಡ್ದೆ.” ಸೆಕ್ರೆಟರಿ ಅಲ್ಲೇ ಇದ್ದ. “ನಾಳೆಯಿಂದ ಅಂಗಡಿ ತೆಗೀರಿ” ಅಂದ. ನನಗೆ ಅಳು ಬಂತು, ನಗುವೂ ಬಂತು. ಗೆದ್ದೆವಲ್ಲ!

ಸಂಜೆ ತಮ್ಮನಿಗೆ ಸುದ್ದಿ ಹೇಳೋಣವೆಂದು ಹಣ್ಣು ಕೊಂಡು ಇಬ್ಬರೂ ಅವನ ಮನೆಗೆ ಹೋದೆವು. ಅವನೂ ಅವನ ಹೆಂಡತಿಯೂ ದುಡಿಯುವವರು. ಅವರ ಮನೆಯ ಒಂದು ಬೀಗದ ಕೈ ಮೊದಲಿನಿಂದಲೂ ನಮ್ಮಲ್ಲಿರುತ್ತದೆ. ಅವರಿಲ್ಲದಾಗ ಹೋದರೆ ನಾವೇ ತೆರೆದು ಒಳಗೆ ಕೂರುತ್ತೇವೆ. ಅವರಿನ್ನೂ ಬಂದಿರಲಿಲ್ಲ; ಇವರು ಅದನ್ನು ಬೀಗಕ್ಕೆ ತೂರಿಸಲು ನೋಡಿದರು. ಅದು ಒಳಗೆ ಹೋಗಲಿಲ್ಲ. ಬಗ್ಗಿ ನೋಡಿದರು, ಬೆರಳಲ್ಲಿ ಸವರಿದರು. ನನಗೆ ಅರ್ಥವಾಗುವ ಮೊದಲೇ ಅವರು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು.

ತಮ್ಮ ಬಂದ. ನಮ್ಮನ್ನು ಕಂಡು ಅವನ ಮುಖದ ಬಣ್ಣವೇ ಇಳಿಯಿತು. “ಅಕ್ಕಾ... ಭಾವ... ಅದು, ಇವಳು ಹೆದರಿಬಿಟ್ಟಿದ್ಲು. ಜನ ಏನೇನೋ ಆಡ್ತಿದ್ರಲ್ಲ, ಅದಕ್ಕೇ...” ಗೊಂಚಲಿನಿಂದ ಒಂದನ್ನು ಬಿಡಿಸಿ ಚಾಚಿದ. “ತಗೊಳ್ಳಿ ಭಾವ, ನೀವೂ ಒಂದು ಮಾಡಿ ಇಟ್ಕೊಳ್ಳಿ.”

ಇವರು ಅವನ ಬೆರಳುಗಳನ್ನು ಮೆಲ್ಲಗೆ ಮಡಚಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

“ಬೇಡಪ್ಪ, ನೀನೇ ಇಟ್ಕೋ. ನಾಳೆ ನಿಮ್ಮನೇಲಿ ಏನಾದ್ರೂ ಕಾಣ್ದೇ ಹೋದ್ರೆ ನಿಮ್ಮಕ್ಕ ಯಾವ ಗಾಡಿ ಹತ್ರ ಹೋಗಿ ಜಗಳ ಆಡ್ಬೇಕು?”

ಬೀದಿಯ ಬಾಯನ್ನೇ ಮುಚ್ಚಿಸಿದ್ದ ನಾನು ಹಣ್ಣಿನ ಚೀಲವನ್ನು ಹೊಸಿಲ ಮೇಲಿಟ್ಟು ಅವರ ಹಿಂದೆ ಮೆಟ್ಟಿಲಿಳಿದೆ.